ಸೇತುವೆಯಾಚೆಯ ಜಗಳಗಳು

ಡಿಪೋದಲ್ಲಿ ಎಲ್ಲರೂ ಅವನನ್ನು ಗಡಿಯಾರದಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಬಂದರಿನ ಊರಿಗೆ ಹೋಗುವ ಒಂದೂಕಾಲರ ಬಸ್ಸು ಅವನದು. ಅದು ಗೇಟು ದಾಟಿದ್ದನ್ನು ನೋಡಿ ಎದುರಿನ ಚಹಾದಂಗಡಿಯವನು ತನ್ನ ಗೋಡೆ ಗಡಿಯಾರದ ಮುಳ್ಳು ಸರಿಮಾಡಿಕೊಳ್ಳುತ್ತಾನೆಂಬ ತಮಾಷೆಯಿಂದ ಬಂದ ಹೆಸರು. ವಯಸ್ಸು ಐವತ್ತೆರಡು. ಕತ್ತು ದಪ್ಪ, ಹೊಟ್ಟೆ ಸ್ಟೀರಿಂಗಿಗೆ ನಾಲ್ಕು ಬೆರಳು ದೂರ. ಇಷ್ಟು ವರ್ಷದಲ್ಲಿ ಒಂದು ನಾಯಿಗೂ ಬಸ್ಸು ತಾಗಿಸಿದವನಲ್ಲ ಎಂಬುದು ಅವನ ಹೆಮ್ಮೆ. ಆ ಹೆಮ್ಮೆಯನ್ನು ಅವನು ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳುವಾಗ ಮಾತ್ರ ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

ಹದಿನಾಲ್ಕು ವರ್ಷ ಅವನ ಜತೆ ಅದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ತಕರಾರು ಎಂದು ಹೆಸರು. ಸಣಕಲು ಮನುಷ್ಯ, ಧ್ವನಿ ಮಾತ್ರ ಹಿಂದಿನ ಸೀಟಿನವರೆಗೂ ಕೇಳಿಸುವಂಥದು. ಮಾತಿಗೆ ಮಾತು ಜೋಡಿಸದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಅದರಲ್ಲೂ ಹೊಳೆಯ ಸೇತುವೆ ದಾಟಿದ ಮೇಲೆ ನೆಟ್ಟಗೆ ಹಗ್ಗ ಎಳೆದಂತಿರುವ ಅರ್ಧ ಗಂಟೆಯ ರಸ್ತೆಯಲ್ಲಿ ಅವನು ಕಾಲು ಕೆರೆದುಕೊಂಡು ಬರುತ್ತಿದ್ದ. ಟಿಕೆಟ್ಟೆಲ್ಲ ಕೊಟ್ಟು ಮುಗಿಸಿ ಡ್ರೈವರನ ಪಕ್ಕದ ಕಂಬಿ ಹಿಡಿದು ನಿಂತು, ಏನಾದರೊಂದು ಎತ್ತುತ್ತಿದ್ದ. ನಿನ್ನೆ ನೀನು ಐದು ನಿಮಿಷ ತಡ ಮಾಡಿದೆ ಎನ್ನುವುದು. ನಿನ್ನ ಭಾಮೈದ ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ ಎನ್ನುವುದು. ಹಾವಿಗೆ ಕಿವಿ ಇದೆಯೋ ಇಲ್ಲವೋ ಎಂಬ ಒಂದೇ ವಿಷಯ ಹನ್ನೊಂದು ದಿನ ನಡೆದು, ಮುಂದಿನ ಸೀಟಿನ ಪ್ರಯಾಣಿಕರು ಎರಡು ಪಕ್ಷವಾಗಿ, ಒಬ್ಬರು ತಮ್ಮ ನಿಲ್ದಾಣ ಮರೆತು ಮುಂದಕ್ಕೆ ಹೋಗಿದ್ದೂ ಉಂಟು. ಗಡಿಯಾರದಣ್ಣನಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಮನೆಗೆ ಬಂದು ಹೆಂಡತಿಯ ಹತ್ತಿರ, ಇವನ ಬಾಯಿಗೆ ಒಂದು ಬೀಗ ಸಿಕ್ಕಿದರೆ ನನ್ನ ಸಂಬಳದಲ್ಲೇ ತಂದುಕೊಡುತ್ತೇನೆ ಎನ್ನುತ್ತಿದ್ದ. ಆದರೆ ತಕರಾರು ಜ್ವರವೆಂದು ರಜ ಹಾಕಿದ ದಿನ ಬೇರೆ ಕಂಡಕ್ಟರ್ ಬಂದರೆ, ಅವನ ಹೆಜ್ಜೆಯ ಸದ್ದೂ ಇವನಿಗೆ ಸರಿಬರುತ್ತಿರಲಿಲ್ಲ.

ಒಂದು ವರ್ಷ ಕಂಪನಿಯವರು ಬಸ್ಸುಗಳ ಬಾಗಿಲಲ್ಲೇ ಟಿಕೆಟ್ ಕೊಡುವ ಯಂತ್ರ ಕೂರಿಸಿ, ಕಂಡಕ್ಟರುಗಳನ್ನೆಲ್ಲ ಮನೆಗೆ ಕಳಿಸಿದರು. ಕೊನೆಯ ದಿನ ಡಿಪೋದ ಅಂಗಳದಲ್ಲಿ ಒಂದು ಭಾಷಣ, ತಲೆಗೊಂದು ಕೈಚೀಲ. ಎಲ್ಲ ಮುಗಿದ ಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ತಕರಾರು ಬಂದು, ಚಹಾ ಕುಡಿಯೋಣ ಬಾ, ನಿನ್ನ ಹತ್ತಿರ ಒಂದು ಮಾತಿದೆ ಎಂದ. ಗಡಿಯಾರದಣ್ಣನಿಗೆ ಬೆಳಗಿನಿಂದ ಯಾವುದರಲ್ಲೂ ಮನಸ್ಸು ನಿಂತಿರಲಿಲ್ಲ. ಅದನ್ನು ನಾಲ್ಕು ಜನರೆದುರು ತೋರಿಸಿಕೊಳ್ಳಲಾರದೆ ತಮಾಷೆ ಮಾಡಲು ಹೋದ.

"ಹದಿನಾಲ್ಕು ವರ್ಷ ನಿನ್ನ ಮಾತು ಕೇಳಿ ಸಾಕಾಗಿದೆ ಕಣಯ್ಯ. ನಾಳೆಯಿಂದ ನನ್ನ ಕಿವಿಗೆ ರಜ."

ಸುತ್ತ ಇದ್ದವರು ನಕ್ಕರು. ತಕರಾರೂ ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು. ಕೈಚೀಲ ಹೆಗಲಿಗೆ ಹಾಕಿಕೊಂಡು, ಆಗಲಿ ಎಂದಷ್ಟೇ ಹೇಳಿ ಗೇಟು ದಾಟಿಹೋದ. ನಾಳೆ ಫೋನ್ ಮಾಡುತ್ತಾನೆ ಎಂದುಕೊಂಡ ಇವನು. ಮಾಡಲಿಲ್ಲ. ಅವನೇ ಮಾಡಲಿ ಎಂದು ಇವನು ಕೂತ, ಇವನೇ ಮಾಡಲಿ ಎಂದು ಅವನು ಕೂತಿರಬೇಕು. ಹಾಗೆ ಒಂದೂವರೆ ವರ್ಷ ಕಳೆಯಿತು.

ಕಂಡಕ್ಟರನ ಒಂಟಿ ಸೀಟು ತೆಗೆದು ಆ ಜಾಗದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕೂರಿಸಿದ್ದರು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ಮೊದಲು ತಕರಾರಿನ ಬೋಳು ನೆತ್ತಿ ಕಾಣುತ್ತಿದ್ದಲ್ಲಿ ಈಗ ಆ ಸಿಲಿಂಡರಿನ ಹಿಡಿ ಕಾಣುತ್ತಿತ್ತು. ದಾರಿಯಲ್ಲಿ ಯಾವನೋ ಅಡ್ಡಾದಿಡ್ಡಿ ಗಾಡಿ ನುಗ್ಗಿಸಿದರೆ, ನೋಡಿದೆಯೇನಯ್ಯಾ ಎಂದು ಗಡಿಯಾರದಣ್ಣ ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಳ್ಳುತ್ತಿದ್ದ. ಕಿವಿಗೆ ರಜ ಸಿಕ್ಕಿತ್ತು. ಆ ರಜ ಅವನಿಗೆ ಒಗ್ಗಿ ಬರಲಿಲ್ಲ.

ಅಂಥ ದಿನಗಳಲ್ಲಿ ಡಿಪೋಗೆ ಪಟ್ಟಿ ಮೇಡಂ ಬಂದಳು. ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವ ಹೆಣ್ಣುಮಗಳು, ಮೂವತ್ತು ದಾಟಿರಲಾರದು. ಓಡಿಸುವವರಿಗೆ ತೂಕಡಿಕೆ ಬರುವುದನ್ನು ಅವರ ಮೈಯಿಂದಲೇ ಹಿಡಿಯುವುದು ಅವಳ ಕೆಲಸ. ಹದಿನೇಳು ಡ್ರೈವರುಗಳಿಗೆ ಮಣಿಕಟ್ಟಿಗೆ ಒಂದು ಪಟ್ಟಿ, ಅಂಗಿಯೊಳಗೆ ಎದೆಗೊಂದು ಪಟ್ಟಿ ಕಟ್ಟುತ್ತಿದ್ದಳು. ಮಣಿಕಟ್ಟಿನದರ ಬೆನ್ನಿನಲ್ಲಿ ಹಸಿರು ದೀಪ ಮಿಣುಕುತ್ತಿತ್ತು, ಅದು ನಾಡಿ ನೋಡುವುದಂತೆ, ಚರ್ಮದ ಬೆವರನ್ನೂ ಅಳೆಯುವುದಂತೆ. ಎದೆಯದು ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವಿನ ಅಂತರ ಎಣಿಸುವುದಂತೆ. ನಿದ್ದೆ ಹತ್ತಿರ ಬಂದಾಗ ಎದೆಬಡಿತ ನಿಧಾನವಾಗುತ್ತದೆ, ಆ ಅಂತರಗಳ ಲೆಕ್ಕ ಬದಲಾಗುತ್ತದೆ, ಮನುಷ್ಯನಿಗೆ ತಿಳಿಯುವ ಮೊದಲೇ ಅವನ ಮೈಗೆ ತಿಳಿದಿರುತ್ತದೆ ಎಂದು ಅವಳು ವಿವರಿಸಿದಳು. ಮೊದಲ ಐದು ವಾರ ಪಟ್ಟಿ ಬರೀ ಬರೆದುಕೊಳ್ಳುತ್ತದೆ, ಆಮೇಲೆ ಅದೇ ಕೈಯಲ್ಲಿ ಗುಯ್‌ಗುಟ್ಟಿ ಎಚ್ಚರಿಸುವಂತೆ ಮಾಡುತ್ತೇವೆ ಎಂದಳು. ದಿನಾ ಬಸ್ಸು ಹತ್ತುವ ಮೊದಲು ಸ್ಪಿರಿಟ್ಟಿನ ಹತ್ತಿಯಲ್ಲಿ ಕೈ ಒರೆಸಿ ಪಟ್ಟಿ ಕಟ್ಟುತ್ತ, ನಿನ್ನೆ ಎಷ್ಟು ಗಂಟೆ ಮಲಗಿದಿರಿ ಎಂದು ಕೇಳುತ್ತಿದ್ದಳು. ಎಂಟು ಗಂಟೆ, ಕೊರಡಿನ ಹಾಗೆ ಎಂದು ಗಡಿಯಾರದಣ್ಣ ಉತ್ತರಿಸುತ್ತಿದ್ದ. ಉಳಿದ ಡ್ರೈವರುಗಳು ಗೊಣಗಿದರು, ಇವನು ಗೊಣಗಲಿಲ್ಲ. ತನ್ನ ಹಾಳೆ ಎಲ್ಲರಿಗಿಂತ ಚೊಕ್ಕವಾಗಿರುತ್ತದೆ ಎಂಬ ಧೈರ್ಯ ಅವನಿಗಿತ್ತು.

ಆರನೆಯ ವಾರದ ಮೊದಲ ದಿನ ಮ್ಯಾನೇಜರ್ ಅವನನ್ನು ಕೋಣೆಗೆ ಕರೆಸಿದ. ಪಟ್ಟಿ ಮೇಡಂ ಅಲ್ಲೇ ಕೂತಿದ್ದಳು. ಮೇಜಿನ ಮೇಲೆ ಉದ್ದನೆಯ ಕಾಗದ, ಅದರಲ್ಲಿ ಇರುವೆ ಸಾಲಿನಂಥ ಗೆರೆ. ಹನ್ನೊಂದು ಕಡೆ ಕೆಂಪು ಶಾಯಿಯ ಸುತ್ತು. ಹನ್ನೊಂದೂ ಮಧ್ಯಾಹ್ನ ಎರಡೂಕಾಲರಿಂದ ಎರಡೂಮುಕ್ಕಾಲರ ನಡುವೆ.

"ಇದೇನಮ್ಮ?" ಎಂದ ಗಡಿಯಾರದಣ್ಣ.

"ನೀವು ನಿದ್ದೆ ಹೋದ ಜಾಗಗಳು ಸರ್. ಒಂದೊಂದೂ ಎರಡು ಸೆಕೆಂಡು, ಮೂರು ಸೆಕೆಂಡು. ಒಂದು ಮಾತ್ರ ಐದು."

ಅವನಿಗೆ ನಗು ಬಂತು. ತಾನು ನಿದ್ದೆ ಹೋಗಿದ್ದರೆ ಬಸ್ಸು ರಸ್ತೆಯ ಮೇಲೆ ಇರುತ್ತಿತ್ತೇ, ತಾನು ಇಲ್ಲಿ ನಿಂತು ಮಾತಾಡುತ್ತಿದ್ದೆನೇ ಎಂದು ಕೇಳಿದ. ಯಂತ್ರ ಕೆಟ್ಟಿರಬೇಕು, ಪಟ್ಟಿ ಸಡಿಲವಾಗಿರಬೇಕು, ಸೆಖೆಗೆ ಬೆವರು ಹೆಚ್ಚಾಗಿರಬೇಕು ಎಂದ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು.

"ಮೂರು ಸೆಕೆಂಡು ನಿದ್ದೆ ಮಾಡಿದೋರಿಗೆ ತಾವು ಮಾಡಿದ್ದು ಗೊತ್ತೇ ಆಗಲ್ಲ ಸರ್. ಕಣ್ಣು ಬಿಟ್ಟುಕೊಂಡೇ ಇರಬಹುದು. ನಿಮ್ಮ ಬಸ್ಸು ಅಷ್ಟರಲ್ಲಿ ಅರವತ್ತು ಮೀಟರ್ ಹೋಗಿರುತ್ತೆ. ಆರು ಬಸ್ಸನ್ನ ಸಾಲಾಗಿ ನಿಲ್ಲಿಸಿದಷ್ಟು ದೂರ. ಆ ರಸ್ತೆ ನೆಟ್ಟಗಿದೆ, ಅಷ್ಟೇ ನಿಮ್ಮ ಪುಣ್ಯ."

ಮ್ಯಾನೇಜರ್ ಕೆಟ್ಟವನಲ್ಲ. ಆದರೆ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವ ಹಾಗಿಲ್ಲ ಎಂದ. ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ ಆಗುವವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಕಳೆದುಹೋದ ಸಾಮಾನಿನ ಕೋಣೆ ನೋಡಿಕೊಳ್ಳಲಿ.

ಆ ಕೋಣೆ ಡಿಪೋದ ಹಿಂದುಗಡೆ, ಬಸ್ಸು ತೊಳೆಯುವ ಅಂಗಳದ ಪಕ್ಕ. ಬಸ್ಸಿನಲ್ಲಿ ಜನ ಬಿಟ್ಟುಹೋದದ್ದೆಲ್ಲ ಅಲ್ಲಿ. ನೂರಾರು ಕೊಡೆ, ಒಂಟಿ ಚಪ್ಪಲಿ, ಕನ್ನಡಕ, ಒಂದು ಊರುಗೋಲು. ಊರುಗೋಲು ಮರೆತವನು ಇಳಿದು ಹೋದದ್ದು ಹೇಗೆ ಎಂದು ಮೊದಲ ದಿನವೇ ಅವನಿಗೆ ಯೋಚನೆ ಹತ್ತಿತು. ತಕರಾರು ಇದ್ದಿದ್ದರೆ ಇದೊಂದರಲ್ಲೇ ಒಂದು ವಾರ ಕಳೆಯುತ್ತಿದ್ದ. ಕಿಟಕಿಯಾಚೆ ಬಸ್ಸುಗಳು ಹೊರಡುವ ಸದ್ದು ಕೇಳುತ್ತಿತ್ತು. ನೋಡದೆಯೇ ಅವನು ಯಾವುದು ಯಾವ ಬಸ್ಸೆಂದು ಹೇಳಬಲ್ಲವನಾಗಿದ್ದ. ಒಂದೂಕಾಲಕ್ಕೆ ತನ್ನ ಬಸ್ಸನ್ನು ಬೇರೆ ಯಾವನೋ ಎಬ್ಬಿಸಿದಾಗ, ಗೇರು ಬೀಳುವ ಮೊದಲು ಅದು ಒಮ್ಮೆ ಕೆಮ್ಮುತ್ತಿದ್ದುದು ಅವನ ಎದೆಗೇ ತಾಗುತ್ತಿತ್ತು. ಅಂಗಾಲಿಗೆ ಪೆಡಲಿನ ನೆನಪು ಬಂದು ನೆಲವನ್ನು ಒತ್ತುತ್ತಿದ್ದ.

ಮನೆಯಲ್ಲಿ ಹೇಳಿದಾಗ ಹೆಂಡತಿ ಆಶ್ಚರ್ಯಪಡಲಿಲ್ಲ. ನೀವು ಮಲಗಿದಾಗ ಉಸಿರು ನಿಲ್ಲುತ್ತದೆ, ಆಮೇಲೆ ನೀರಲ್ಲಿ ಮುಳುಗಿದವರು ಎದ್ದ ಹಾಗೆ ಗೊರಕ್ಕೆಂದು ಏಳುತ್ತದೆ ಎಂದು ಎಷ್ಟು ಸಲ ಬಡಿದುಕೊಂಡಿದ್ದೇನೆ, ನೀವು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ ಎಂದಳು. ಅವಳು ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಎರಡು ವರ್ಷವಾಗಿತ್ತು. ಆಸ್ಪತ್ರೆಗೆ ಹೋಗೋಣ ಎಂದಳು. ಇವನು ಮುಖ ಗಂಟಿಕ್ಕಿಕೊಂಡ. ಪರೀಕ್ಷೆಗೆ ಹೋದರೆ ತಪ್ಪು ಒಪ್ಪಿಕೊಂಡ ಹಾಗೆ ಎಂಬುದು ಅವನ ವಾದ.

ಐದಾರು ದಿನ ಕೊಡೆಗಳ ನಡುವೆ ಕೂತು ಯೋಚಿಸಿದ ಮೇಲೆ ಅವನಿಗೊಂದು ದಾರಿ ಹೊಳೆಯಿತು. ತಾನು ನಿದ್ದೆ ಹೋಗುವವನೋ ಅಲ್ಲವೋ ಎಂದು ಹೇಳಲು ಒಂದು ಪಟ್ಟಿ ಏಕೆ ಬೇಕು? ಹದಿನಾಲ್ಕು ವರ್ಷ ಬೆನ್ನ ಹಿಂದೆಯೇ ನಿಂತವನೊಬ್ಬ ಇದ್ದಾನಲ್ಲ. ಅವನು ಸಾಕ್ಷಿ ಹೇಳಲಿ. ಒಂದು ಬಿಳಿ ಹಾಳೆ ತೆಗೆದುಕೊಂಡು, ಇಂಥ ಡ್ರೈವರ್ ನನ್ನ ಸೇವೆಯ ಅವಧಿಯಲ್ಲಿ ಒಮ್ಮೆಯೂ ತೂಕಡಿಸಿದ್ದನ್ನು ನಾನು ಕಂಡಿಲ್ಲ ಎಂದು ತಾನೇ ಗುಂಡಗಿನ ಅಕ್ಷರದಲ್ಲಿ ಬರೆದ. ಕೆಳಗೆ ಸಹಿಗೆ ಜಾಗ ಬಿಟ್ಟ. ನಿಜ ಹೇಳಬೇಕೆಂದರೆ, ಹೋಗಿ ನೋಡಲು ಒಂದು ನೆವ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದ್ದ. ಅಂಗಿ ಇಸ್ತ್ರಿ ಮಾಡಿಸಿಕೊಂಡ.

ತಕರಾರು ಈಗ ಊರಿನ ಇನ್ನೊಂದು ತುದಿಯಲ್ಲಿ ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾನೆಂದು ಚಹಾದಂಗಡಿಯವನಿಂದ ತಿಳಿಯಿತು. ಗೇಟಿನ ಹತ್ತಿರ ಹೋಗುವಾಗಲೇ ಔಷಧಿ ಹಾಕಿದ ನೀರಿನ ಘಾಟು, ಮಕ್ಕಳ ಕೂಗು. ಇವೆರಡರ ಮೇಲೂ ಏರಿದ ಆ ಧ್ವನಿ. ದಪ್ಪನೆಯ ಮನುಷ್ಯನೊಬ್ಬನಿಗೆ, ಸ್ನಾನ ಮಾಡಿಯೇ ನೀರಿಗಿಳಿಯಬೇಕೆಂದು ಬೋರ್ಡು ಇದೆ, ಮನೆಯಲ್ಲಿ ಮಾಡಿದ ಸ್ನಾನ ಇಲ್ಲಿ ಲೆಕ್ಕಕ್ಕಿಲ್ಲ ಎಂದು ಪಾಠ ನಡೆಯುತ್ತಿತ್ತು. ಗಡಿಯಾರದಣ್ಣ ಸಾಲಿನ ಕೊನೆಯಲ್ಲಿ ನಿಂತು ಅದನ್ನು ಹಾಗೆಯೇ ಕೇಳಿಸಿಕೊಂಡ. ಸಾಲು ಕರಗಿ ಅವನ ಸರದಿ ಬಂತು.

ತಕರಾರು ತಲೆ ಎತ್ತಿದ. ಆಮೇಲೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಇವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಕೈಕಾಲೆಲ್ಲ ನೆಟ್ಟಗಿದೆಯಾ?"

"ಏನಾಗುತ್ತೆ ಅದಕ್ಕೆ?" ಎಂದ ಗಡಿಯಾರದಣ್ಣ. ಒಂದೂವರೆ ವರ್ಷದ ಮೇಲೆ ಸಿಕ್ಕವನು ಕೇಳುವ ಮಾತೇ ಇದು ಎನ್ನಿಸಿತು.

ಒಂದು ಗಂಟೆಗೆ ನೀರು ಸೋಸಲು ಕೊಳ ಮುಚ್ಚುತ್ತಾರೆ. ಆಗ ಇಬ್ಬರೂ ಒಳಗೆ ಹೋಗಿ ಕೊಳದ ಅಂಚಿನ ಸಿಮೆಂಟು ಮೆಟ್ಟಿಲ ಮೇಲೆ ಕೂತರು. ಮಕ್ಕಳು ಹೋದ ಮೇಲೂ ನೀರು ಇನ್ನೂ ಅಲುಗುತ್ತಿತ್ತು. ತಕರಾರು ತನ್ನ ಡಬ್ಬಿಯ ಅರ್ಧ ಇವನ ಕಡೆ ಸರಿಸಿದ. ಗಡಿಯಾರದಣ್ಣ ಪಟ್ಟಿಯ ವಿಷಯ, ಹನ್ನೊಂದು ಸುತ್ತುಗಳ ವಿಷಯ, ಊರುಗೋಲಿನ ವಿಷಯ ಎಲ್ಲ ಹೇಳಿ, ಜೇಬಿನಿಂದ ಹಾಳೆ ತೆಗೆದ. ತಕರಾರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಮಡಿಚಿ ವಾಪಸು ಕೊಟ್ಟ.

"ಇದಕ್ಕೆ ನಾನು ಸಹಿ ಹಾಕೋದಿಲ್ಲ."

"ಇನ್ನೂ ಆ ಮಾತು ಹಿಡಿದುಕೊಂಡಿದ್ದೀಯಾ? ಅದು ತಮಾಷೆಗೆ ಅಂದಿದ್ದು ಕಣೋ."

"ಅದಲ್ಲ. ಇದು ಸುಳ್ಳು."

ಗಡಿಯಾರದಣ್ಣ ತುತ್ತು ಕೈಯಲ್ಲೇ ಹಿಡಿದು ಕೂತ. ತಕರಾರು ನೀರಿನ ಕಡೆ ನೋಡುತ್ತ, ಟಿಕೆಟ್ಟಿನ ಚೀಲ ಹಿಡಿದುಕೊಂಡವನಂತೆ ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು, ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿದ. ಕೊನೆಯ ಐದು ವರ್ಷದಿಂದ ಅದು ಶುರುವಾಗಿತ್ತು. ಸೇತುವೆ ದಾಟಿ ಇಟ್ಟಿಗೆ ಗೂಡುಗಳು ಬರುವ ಹೊತ್ತಿಗೆ ಇವನ ಒಂದು ಕೈ ಸ್ಟೀರಿಂಗಿನಿಂದ ಜಾರಿ ತೊಡೆಯ ಮೇಲೆ ಬೀಳುತ್ತಿತ್ತು. ಕತ್ತಿನ ಹಿಂಭಾಗದ ಮಡಿಕೆ ಸಡಿಲವಾಗುತ್ತಿತ್ತು. ಎಂಜಿನ್ನಿನ ಸದ್ದು ಏರದೆ ಇಳಿಯದೆ ಒಂದೇ ಸಮ ಆಗಿಬಿಡುತ್ತಿತ್ತು. ಅದು ಕೇಳಿಸಿದ ಕೂಡಲೇ ತಾನು ಟಿಕೆಟ್ಟು ಹರಿಯುವುದನ್ನು ಅಲ್ಲೇ ಬಿಟ್ಟು ಮುಂದೆ ಓಡಿಬರುತ್ತಿದ್ದೆ ಎಂದ. ಮೊದಮೊದಲು ನೀರು ಕೊಟ್ಟು ನೋಡಿದೆ, ಕುಡಿದು ನೀನು ಮತ್ತೆ ಹಾಗೆಯೇ ಆಗುತ್ತಿದ್ದೆ. ಒಳ್ಳೆಯ ಮಾತಾಡಿದರೆ ಹೂಂಗುಟ್ಟಿಕೊಂಡೇ ತೂಕಡಿಸುತ್ತಿದ್ದೆ. ಸಿಟ್ಟು ಬಂದರೆ ಮಾತ್ರ ನೀನು ಅರ್ಧ ಗಂಟೆ ಕಣ್ಣು ಮಿಟುಕಿಸುತ್ತಿರಲಿಲ್ಲ.

"ಅದಕ್ಕೇ ದಿನಾ ಒಂದು ಜಗಳ ಹುಡುಕಿಕೊಂಡು ಬರ್ತಿದ್ದೆ. ಬೆಳಗ್ಗೆ ಎದ್ದು ಹಲ್ಲುಜ್ಜುವಾಗಲೇ ಯೋಚನೆ, ಇವತ್ತು ಯಾವುದನ್ನ ಎತ್ತಲಿ ಅಂತ."

ಗಡಿಯಾರದಣ್ಣ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದ. ನೀರು ಸೋಸುವ ಯಂತ್ರ ಎಲ್ಲೋ ಗುಡುಗುಡು ಎನ್ನುತ್ತಿತ್ತು. ನಾಚಿಕೆ ಬರಬೇಕಾದ ಕಡೆ ಅವನಿಗೆ ಮೊದಲು ಬಂದದ್ದು ಬೇರೆ ಏನೋ ಸಂಕಟ.

"ಹಾಗಾದ್ರೆ ಆ ಜಗಳ ಎಲ್ಲಾ ನಾಟಕಾನಾ?"

ತಕರಾರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ.

"ಹಾವಿನ ಕಿವೀದು ನಿಜವಾದ ಜಗಳ. ಅದರಲ್ಲಿ ನಾನು ಈಗಲೂ ಬಿಟ್ಟುಕೊಡಲ್ಲ."

ಗಡಿಯಾರದಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಗ ಯಾಕೆ ಹೇಳಲಿಲ್ಲ ಎಂದು ಕೇಳಿದ. ಹೇಳಿದ್ದರೆ ನೀನು ಬಸ್ಸು ಓಡಿಸುವುದನ್ನೇ ಬಿಡಬೇಕಾಗುತ್ತಿತ್ತು ಎಂದ ತಕರಾರು. ನೀನು ಬಿಟ್ಟರೆ ಆ ಬಸ್ಸಿನಲ್ಲಿ ನನಗಾದರೂ ಏನಿತ್ತು. ಮನೆಯಲ್ಲಿ ನನ್ನ ಮಾತಿಗೆ ಮಾತು ಕೊಡುವವರಿಲ್ಲ, ಇದ್ದ ಅಣ್ಣನೊಬ್ಬ ಮೊದಲೇ ಮೂಗ. ನಾನಿರುವವರೆಗೆ ನಾನೇ ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಆಮೇಲೆ ನಮ್ಮನ್ನು ತೆಗೆದರು. ಕೊನೆಯ ದಿನ ಚಹಾ ಕುಡಿಯುತ್ತ ಹೇಳಿಬಿಡಬೇಕೆಂದಿದ್ದೆ. ನೀನು ಕಿವಿಗೆ ರಜ ಎಂದೆ. ನನಗೂ ಸಿಟ್ಟು ಬಂತು.

"ಒಂದೂವರೆ ವರ್ಷದಿಂದ ಬೆಳಗ್ಗೆ ಪೇಪರ್ ಬಂದ ತಕ್ಷಣ ಮೊದಲು ಹುಡುಕೋದು ಒಂದೇ ಸುದ್ದಿ. ಸೇತುವೆ ಆಚೆ ಬಸ್ಸು ಅಂತ ಏನಾದ್ರೂ ಇದೆಯಾ ಅಂತ. ಇಲ್ಲ ಅಂದ್ರೆ ಮಾತ್ರ ಚಹಾ ಇಳಿಯುತ್ತೆ."

"ಇದ್ದಿದ್ರೆ?" ಎಂದ ಗಡಿಯಾರದಣ್ಣ. "ಹಿಂದೆ ನಲವತ್ತು ಜನ ಕೂತಿರ್ತಿದ್ರಲ್ಲೋ."

ತಕರಾರು ಮೆಟ್ಟಿಲ ಮೇಲೆ ಬಿದ್ದಿದ್ದ ನೀರನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತ. ಆಮೇಲೆ ಹಾಳೆಯನ್ನು ಮತ್ತೆ ಕೇಳಿ ತೆಗೆದುಕೊಂಡು, ತೊಡೆಯ ಮೇಲಿಟ್ಟು, ಅದರ ಹಿಂಭಾಗದಲ್ಲಿ ನಿಜ ಏನಿತ್ತೋ ಅದನ್ನು ಬರೆದ. ಕೈ ಜಾರುವುದು, ಕತ್ತಿನ ಮಡಿಕೆ, ಎಂಜಿನ್ನಿನ ಸದ್ದು, ಇಟ್ಟಿಗೆ ಗೂಡು, ಎರಡೂಕಾಲು. ತಾನು ತಿಳಿದೂ ಮೇಲಿನವರಿಗೆ ಹೇಳದೆ ಇದ್ದದ್ದು ತಪ್ಪು ಎಂದೂ ಬರೆದ. ಸಹಿ ಹಾಕಿದ.

ಮರುದಿನ ಗಡಿಯಾರದಣ್ಣ ಆ ಹಾಳೆಯನ್ನು ತಾನಾಗಿ ಪಟ್ಟಿ ಮೇಡಂ ಕೈಗೆ ಕೊಟ್ಟ. ಅವಳು ನಿಂತಲ್ಲೇ ಓದಿದಳು, ಕೂತು ಮತ್ತೆ ಓದಿದಳು, ತನ್ನ ಉದ್ದನೆಯ ಕಾಗದ ಬಿಡಿಸಿ ಪಕ್ಕದಲ್ಲಿಟ್ಟುಕೊಂಡು ಬೆರಳಿನಿಂದ ಹೋಲಿಸಿದಳು. ಇವರು ಇದನ್ನು ಎಲ್ಲಿ ಕಲಿತರು ಎಂದು ಕೇಳಿದಳು. ಕಲಿತದ್ದಲ್ಲಮ್ಮ, ನನ್ನ ಬೆನ್ನು ನೋಡಿ ನೋಡಿ ಬಂದದ್ದು ಎಂದ ಅವನು. ಪರೀಕ್ಷೆಗೆ ಬರುತ್ತೇನೆ ಎಂದ.

ಆಸ್ಪತ್ರೆಯಲ್ಲಿ ತಲೆಗೂ ಎದೆಗೂ ಕಾಲಿಗೂ ತಂತಿ ಅಂಟಿಸಿ ಮಲಗಿಸಿದರು. ಬೆಳಗ್ಗೆ ಬಂದ ಡಾಕ್ಟರು, ನಿಮಗೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಗಂಟೆಗೆ ಮೂವತ್ತನಾಲ್ಕು ಸಲ ಉಸಿರು ನಿಲ್ಲುತ್ತದೆ, ನಿಂತಾಗೆಲ್ಲ ಮೆದುಳು ನಿಮ್ಮನ್ನು ಅರೆಬರೆ ಎಬ್ಬಿಸುತ್ತದೆ, ನೀವು ಮಲಗುತ್ತಿರುವುದು ಎಂಟು ಗಂಟೆ, ನಿದ್ದೆ ಆಗುತ್ತಿರುವುದು ಕಾಲುಭಾಗವೂ ಅಲ್ಲ ಎಂದರು. ತೂಕ ಇಳಿಸಬೇಕು, ಮೂಗಿಗೆ ಗಾಳಿ ಊದುವ ಮುಖವಾಡ ಹಾಕಿಕೊಂಡು ಮಲಗಬೇಕು. ಮನೆಯಲ್ಲಿ ಅದನ್ನು ಮೊದಲು ಹಾಕಿಕೊಂಡ ದಿನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆನೆಗೆ ಸೊಂಡಿಲು ಬಂತು, ದಂತ ಯಾವಾಗ ಎಂದಳು. ಒಂದು ವಾರ ಅವನು ಅದನ್ನು ಕಿತ್ತೆಸೆದ, ಅವಳು ಮತ್ತೆ ಎತ್ತಿ ಹಾಕಿದಳು. ಹತ್ತನೆಯ ಬೆಳಗು ಅವನು ಏಳುವಾಗ ಕಿಟಕಿಯಲ್ಲಿ ಬಿಸಿಲಿತ್ತು, ತಲೆ ತೊಳೆದಿಟ್ಟ ಪಾತ್ರೆಯಂತೆ ಹಗುರವಾಗಿತ್ತು. ಎಷ್ಟೋ ವರ್ಷಗಳ ಮೇಲೆ ಕನಸು ಬಿದ್ದಿತ್ತು. ಕನಸಿನಲ್ಲಿ ಯಾರೋ ಬಸ್ಸಿನೊಳಗೆ ತಲೆ ಎಣಿಸುತ್ತಿದ್ದರು, ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಯಾರೆಂದು ಅವನು ಹೆಂಡತಿಗೆ ಹೇಳಲಿಲ್ಲ. ದಿಂಬು ಅವಳು ಈ ಕೋಣೆಗೇ ವಾಪಸು ತಂದಿಟ್ಟಳು.

ಮೂರು ತಿಂಗಳು ಅವನು ಕೊಡೆ ಚಪ್ಪಲಿಗಳ ನಡುವೆಯೇ ಕಳೆದ. ಒಂಬತ್ತು ಕಿಲೋ ಇಳಿದ. ಆಮೇಲೆ ಪಟ್ಟಿ ಮೇಡಂ ನಾಲ್ಕು ದಿನ ಅವನ ಬಸ್ಸಿನಲ್ಲೇ ಕೂತು, ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬಂದರಿನವರೆಗೆ ಹೋಗಿ ಬಂದಳು. ನಾಲ್ಕು ದಿನವೂ ಒಂದೂ ಕೆಂಪು ಸುತ್ತಿಲ್ಲ. ಮ್ಯಾನೇಜರ್ ಒಂದೂಕಾಲರ ಬಸ್ಸನ್ನು ಅವನಿಗೇ ವಾಪಸು ಕೊಟ್ಟ. ಕೈಯಲ್ಲಿ ಪಟ್ಟಿ ಮಾತ್ರ ಇರಬೇಕು, ಈಗ ಅದು ಗುಯ್‌ಗುಟ್ಟುವ ಪಟ್ಟಿ.

ಸುದ್ದಿ ತಿಳಿದು ತಕರಾರು ಮುಂದಿನ ಸೋಮವಾರ, ಕೊಳಕ್ಕೆ ರಜೆಯ ದಿನ, ಬಸ್ಸು ಹತ್ತಲು ಬಂದ. ಬಾಗಿಲಿನ ಯಂತ್ರದ ಜತೆ ಎರಡು ನಿಮಿಷ ವಾದಿಸಿ ಟಿಕೆಟ್ಟು ತೆಗೆದುಕೊಂಡು, ಮುಂದಿನ ಸೀಟಿನಲ್ಲಿ ಕೂತ. ಊರೊಳಗೆಲ್ಲ ಮಾತೋ ಮಾತು. ಆ ಸಿಲಿಂಡರ್ ವಕ್ರವಾಗಿದೆ, ಈ ಪರದೆ ಒಗೆದು ಎಷ್ಟು ಕಾಲವಾಯಿತು. ಗಡಿಯಾರದಣ್ಣನಿಗೆ ಬಸ್ಸಿನಲ್ಲಿ ದೀಪ ಹಚ್ಚಿದಂತಾಗಿತ್ತು. ಸೇತುವೆ ಬಂತು, ದಾಟಿತು. ಹಿಂದಿನ ಸದ್ದು ನಿಂತಿತು. ಇಟ್ಟಿಗೆ ಗೂಡುಗಳು ಒಂದೊಂದಾಗಿ ಹಿಂದೆ ಸರಿದವು. ಅವನು ಕಾದ. ಕನ್ನಡಿಯಲ್ಲಿ ನೋಡಿದರೆ ತಕರಾರು ಕಂಬಿ ಹಿಡಿದು ಇವನ ಕತ್ತನ್ನೇ ದಿಟ್ಟಿಸುತ್ತಿದ್ದ, ಉಸಿರು ಬಿಗಿಹಿಡಿದವನಂತೆ.

"ಯಾಕೋ ಸುಮ್ಮನಾದೆ?"

"ಎಚ್ಚರವಾಗಿದ್ದೀಯಲ್ಲ" ಎಂದ ತಕರಾರು. "ಇನ್ನೇನು ಮಾತು."

ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಬಂದರಿನಲ್ಲಿ ಇಳಿದು ಚಹಾ ಕುಡಿದರು. ಇಷ್ಟು ಚೆನ್ನಾಗಿ ಎಂದೂ ಓಡಿಸಿರಲಿಲ್ಲ ನೀನು ಎಂದು ತಕರಾರು ಹೊಗಳಿದ. ಹೊಗಳಿಕೆ ಅವನ ಬಾಯಲ್ಲಿ ಬೇರೆಯವರ ಅಂಗಿ ತೊಟ್ಟ ಹಾಗಿತ್ತು. ಹಾವಿನ ಕಿವಿಯ ಮಾತು ತೆಗೆದು ನೋಡಿದ ಗಡಿಯಾರದಣ್ಣ. ನೀನಂದ ಹಾಗೇ ಇರಬಹುದೇನೋ ಬಿಡು ಎಂದುಬಿಟ್ಟ ತಕರಾರು. ಅದನ್ನು ಕೇಳಿ ಇವನು ಲೋಟದಲ್ಲಿ ಉಳಿದಿದ್ದ ಚಹಾ ಹಾಗೆಯೇ ಬಿಟ್ಟು ಎದ್ದ.

ಅವನು ಇನ್ನೂ ಎರಡು ಸೋಮವಾರ ಬಂದ. ಆಮೇಲೆ ಕೊಳದವರು ಸೋಮವಾರದ ರಜೆ ತೆಗೆದುಹಾಕಿದರು. ಬೇಸಿಗೆಯಲ್ಲಿ ಜನ ಹೆಚ್ಚು, ರಜೆಯೇ ಇಲ್ಲವೆಂದರು. ಈಗ ಭಾನುವಾರ ಫೋನ್ ಮಾಡುತ್ತಾನೆ. ನಿದ್ದೆ ಹೇಗೆ, ತೂಕ ಎಷ್ಟು, ಮುಖವಾಡ ತೊಳೆಯುತ್ತೀಯೋ ಇಲ್ಲವೋ ಎಂದು ಕೇಳುತ್ತಾನೆ. ಪೇಪರನ್ನು ಈಗ ಕೊನೆಯ ಪುಟದಿಂದ ಓದುತ್ತಾನಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸದಂತೆ ಮಾತಾಡುತ್ತಾರೆ. ಇಟ್ಟ ಮೇಲೆ ಗಡಿಯಾರದಣ್ಣ ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡೇ ಕೂರುತ್ತಾನೆ. ಹೆಂಡತಿ ಏನಂತೆ ಎಂದು ಕೇಳಿದರೆ, ಏನಿಲ್ಲ, ಚೆನ್ನಾಗಿದ್ದಾನಂತೆ ಎನ್ನುತ್ತಾನೆ.

ಮೊನ್ನೆ ಒಂದು ಮಧ್ಯಾಹ್ನ ಗೂಡುಗಳು ಕಳೆದ ಮೇಲೆ ರಸ್ತೆಯ ಪಕ್ಕ ಒಂದು ಶಾಲೆ ಕಂಡಿತು. ನೀಲಿ ಗೇಟು, ಅಂಗಳದಲ್ಲಿ ಎತ್ತರಕ್ಕೆ ಬೆಳೆದ ನಾಲ್ಕು ಮರ. ಈ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದವನಿಗೆ ಅದನ್ನು ಹಿಂದೆ ಕಂಡ ನೆನಪೇ ಇಲ್ಲ. ತನಗೆ ತಿಳಿಯದೆಯೇ ಬಾಯಿಂದ ಬಂದುಬಿಟ್ಟಿತು.

"ಈ ಶಾಲೆ ಯಾವಾಗ ಕಟ್ಟಿದ್ರಯ್ಯಾ?"

ಮುಂದಿನ ಸೀಟಿನಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದ ಹೆಂಗಸು ತನ್ನನ್ನೇ ಕೇಳಿದನೆಂದುಕೊಂಡು, ಆರು ವರ್ಷ ಆಯಿತಲ್ಲ ಎಂದಳು.

ಹೌದಾ ಎಂದ ಗಡಿಯಾರದಣ್ಣ. ಆರಲ್ಲ, ಐದು ಎಂದು ಯಾರಾದರೂ ಅನ್ನುತ್ತಾರೇನೋ ಎಂದು ಒಂದು ಗಳಿಗೆ ಕಿವಿಯಾನಿಸಿದ. ಯಾರೂ ಏನೂ ಅನ್ನಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು, ಕಣ್ಣು ರಸ್ತೆಯಲ್ಲಿಟ್ಟು, ಅವನು ಬಸ್ಸನ್ನು ಬಂದರಿನ ಕಡೆಗೆ ಓಡಿಸಿದ.